ಮಡಕೆ ಎತ್ತಿಸಿ ಕಟ್ಟಿದ ಕಟ್ಟೆ

ನಮ್ಮ ಕಾಲೊನಿಯ ಜನರಿಗೆ ನಾಚಿಕೆ ಇಲ್ಲ. ನನಗೂ ಇರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಇಲ್ಲಿ ಒಬ್ಬ ಹಿರಿಯ ಹೆಂಗಸಿದ್ದರು; ಧಾರವಾಡದ ಕಡೆಯವರು, ರೈಲ್ವೆ ಗಾರ್ಡರೊಬ್ಬರ ವಿಧವೆ. ನಾಗಪುರದ ಈ ಓಣಿಗೆ ಬೀದಿದೀಪ, ಚರಂಡಿ, ಬಸ್ ಸ್ಟಾಪು ಬಂದದ್ದೆಲ್ಲ ಅವರು ಮಹಾನಗರಪಾಲಿಕೆಯ ಮೆಟ್ಟಿಲು ಸವೆಸಿದ್ದರಿಂದ. ಬೇಸಿಗೆ ಬಂತೆಂದರೆ ಗೇಟಿನ ಪಕ್ಕ ಪಾಣಪೋಯಿ, ಅಂದರೆ ನಮ್ಮ ಅರವಟ್ಟಿಗೆ, ಇಡುತ್ತಿದ್ದರು. ಮಣ್ಣಿನ ನಾಲ್ಕು ದೊಡ್ಡ ಮಡಕೆ, ಮೇಲೆ ಒದ್ದೆ ಗೋಣಿತಾಟು. ನಸುಕಿನಲ್ಲೇ ಎದ್ದು ತಾವೇ ತಿಕ್ಕಿ ತುಂಬಿಸುತ್ತಿದ್ದರು. ಆಟೋದವರು, ಕಸದ ಗಾಡಿಯವರು, ತರಕಾರಿಯವರು ಅಲ್ಲಿ ನಿಂತು ಕುಡಿಯುತ್ತಿದ್ದರು.

ಕಂಡಕಂಡವರು ಗೇಟಿನ ಮುಂದೆ ಕೂರುತ್ತಾರೆಂದು ಸೊಸೈಟಿಯವರು ಪಾಲಿಕೆಗೆ ಗುಟ್ಟಾಗಿ ದೂರು ಬರೆದರು. ನಾನು ಓದಿ, ತಲೆಯಾಡಿಸಿ, ಎಲ್ಲರಿಗಿಂತ ಮೊದಲೇ ಸಹಿ ಹಾಕಿದೆ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಹಾಕಿದ ಹಾಗೆಯೇ, ಕನ್ನಡದಲ್ಲಿ.

ವಾರ ಕಳೆಯುವುದರೊಳಗೆ ಆಕೆ ಪಾಲಿಕೆಯಲ್ಲಿ ಪಡೆದ ದೂರಿನ ಜೆರಾಕ್ಸ್ ಹಿಡಿದು ನಮ್ಮ ಬಾಗಿಲಿಗೆ ಬಂದರು.

"ಈ ಓಣ್ಯಾಗ ಕನ್ನಡದಾಗ ಸಹಿ ಮಾಡಾವ್ರು ಇಬ್ಬರ. ಅದರಾಗ ಒಬ್ಬಾಕಿ ನಾ. ತಗೋರಿ, ನೀವ ಇಟ್ಕೋರಿ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಜೆರಾಕ್ಸನ್ನು ಮಡಚಿ ಬೀರುವಿನಲ್ಲಿಟ್ಟೆ.

ದೂರಿಗೆ ಪಾಲಿಕೆ ಕಿವಿಗೊಡಲಿಲ್ಲ; ಅವರು ಇದ್ದಷ್ಟು ದಿನ ಮಡಕೆಗಳು ಜಾಗ ಬಿಟ್ಟು ಅಲ್ಲಾಡಲಿಲ್ಲ. ಈ ಏಪ್ರಿಲ್‌ನಲ್ಲಿ ತೀರಿಕೊಂಡರು. ಹನ್ನೆರಡನೆಯ ದಿನ ಕಳೆಯುವ ಮೊದಲೇ ಸೊಸೈಟಿಯವರು ಮಡಕೆ ಎತ್ತಿಸಿ, ಅದೇ ಜಾಗದಲ್ಲಿ ಅವರ ಹೆಸರಿನ ಅಮೃತಶಿಲೆಯ ಕಟ್ಟೆ ಕಟ್ಟಿಸಿದರು. ಕೂರುವುದಕ್ಕಲ್ಲ, ಸುತ್ತ ಸರಪಳಿ ಬೇರೆ.

ಉದ್ಘಾಟನೆಯ ದಿನ ಬಿಸಿಲಿಗೆ ಶಾಮಿಯಾನವೇ ಕಾದಿತ್ತು. ವೇದಿಕೆಯ ಮೇಲೆ ತಣ್ಣನೆಯ ಬಾಟಲಿಗಳ ಸಾಲು. ದೂರನ್ನು ತಾನೇ ಬರೆದಿದ್ದ ಅಧ್ಯಕ್ಷ ಫೋಟೋಕ್ಕೆ ಶಾಲು ಹೊದಿಸಿ, ತೆಂಗಿನಕಾಯಿ ಇಟ್ಟು, "ಆಯಿ ಹೋತ್ಯಾ ಆಮಚ್ಯಾ" ಎಂದು, ನಮ್ಮ ತಾಯಿಯೇ ಆಗಿದ್ದರೆಂದು ಮೊಸಳೆ ಕಣ್ಣೀರು ಸುರಿಸಿದ. ಅವನ ಕೊರಳಪಟ್ಟಿ ಹಿಡಿಯಬೇಕೆನ್ನಿಸಿತು. ಅಷ್ಟರಲ್ಲಿ ಆಟೋದವನೊಬ್ಬ ಖಾಲಿ ಬಾಟಲಿ ಹಿಡಿದು ಬಂದು ಮಡಕೆಗಳನ್ನು ಹುಡುಕಿದ.

"ಪಾನಿ ನಹೀ ಹೈ ಭಾವೂ, ಆಗೇ ಜಾವೋ," ನೀರಿಲ್ಲ, ಮುಂದೆ ಹೋಗು ಎಂದು ವಾಚ್‌ಮನ್ ಅಟ್ಟಿದ.

ಆಮೇಲೆ ಅವರ ಹಾಗೆ ಕನ್ನಡದವನೆಂದು ನನ್ನನ್ನೇ ಮಾತಿಗೆ ಕರೆದರು. ಜೇಬಿನಲ್ಲಿ ಆ ಜೆರಾಕ್ಸ್ ಇತ್ತು. ಮಡಕೆ ತೆಗೆಸಿರೆಂದು ಬರೆದುಕೊಟ್ಟವರ ಪಟ್ಟಿ ಇದು, ಓದುತ್ತೇನೆ, ಎಂದೆ. ಮೊದಲನೆಯ ಸಹಿ ನನ್ನದು. ನನ್ನ ಹೆಸರನ್ನು ಗಟ್ಟಿಯಾಗಿ ಓದಿದೆ.

ಎರಡನೆಯದು ಅಧ್ಯಕ್ಷನದು. ಅದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಮೈಕ್ ಬಂದ್ ಮಾಡಿದರು. ಓಣಿಗೆಲ್ಲ ಕೇಳಿಸಿದ್ದು ನನ್ನ ಹೆಸರೊಂದೇ.