ಶಾಂತಕ್ಕ ಮೈಕ್ ಹಿಡಿದಾಗ

ಗೆಳೆಯರೇ, ಇವತ್ತು ಸಂಜೆ ಬೊಮ್ಮಸಂದ್ರದ ಮೈದಾನದಲ್ಲಿ ನಾನು ಅರ್ಧ ಹಾಡಿಗೇ ನಿಲ್ಲಿಸಿಬಿಟ್ಟೆ. ನಮ್ಮ ಬ್ಯಾಂಡಿನ ಪ್ರವಾಸದಲ್ಲಿ ಇದು ಎಂಟನೇ ಊರು. ಇಷ್ಟು ಜನ ಎಲ್ಲೂ ಸೇರಿರಲಿಲ್ಲ. ಹಿಂದಿನವರು ತಳ್ಳುತ್ತಲೇ ಇದ್ದರು. ಮುಂದೆ ಫ್ಯಾಕ್ಟರಿ ಯೂನಿಫಾರ್ಮಿನ ಹುಡುಗಿಯೊಬ್ಬಳು ಬ್ಯಾರಿಕೇಡಿಗೆ ಒತ್ತಿಹೋಗಿ ಉಸಿರಿಗಾಗಿ ಬಾಯಿ ಬಿಡುತ್ತಿದ್ದಳು.

“ಎಲ್ಲರೂ ಎರಡು ಹೆಜ್ಜೆ ಹಿಂದೆ ಹೋಗಿ, ಪ್ಲೀಸ್,” ಎಂದೆ.

“ಹಾಡು ಗುರು, ಸುಮ್ನೆ ಸೀನ್ ಮಾಡ್ಬೇಡ,” ಎಂದು ಯಾರೋ ಕೂಗಿದರು. ಒಬ್ಬರೂ ಕದಲಲಿಲ್ಲ.

ಆಗ ವೇದಿಕೆಯ ಪಕ್ಕ ನಿಂತಿದ್ದ ಸೆಕ್ಯೂರಿಟಿ ಶಾಂತಕ್ಕ, ಬಾಗಲಕೋಟೆಯವರು, ಮೇಲೆ ಬಂದು ನನ್ನ ಕೈಯಿಂದ ಮೈಕ್ ತೆಗೆದುಕೊಂಡರು. “ಇಲ್ಲಿ ಒಬ್ಬಾಕಿ ಹುಡುಗಿಗೆ ಉಸುರು ಕಟ್ಟಾಕತ್ತೈತಿ. ಎಲ್ಲಾರೂ ಹಿಂದ ಸರೀರಿ. ಇಲ್ಲಾಂದ್ರ ಇಂವನ್ನ ಕೆಳಗ ಕುಂದರ್ಸಿ ಪೂರಾ ಕಾರ್ಯಕ್ರಮ ನಾನ ಹಾಡ್ತೀನಿ.”

ಮೈದಾನವೆಲ್ಲ ನಕ್ಕಿತು, ನಗುತ್ತಲೇ ಹಿಂದಕ್ಕೆ ಸರಿಯಿತು. ಇಬ್ಬರು ಸೇರಿ ಆ ಹುಡುಗಿಯನ್ನು ಬ್ಯಾರಿಕೇಡಿನ ಈಚೆಗೆ ಎತ್ತಿಕೊಂಡರು. ನೀರು ಕುಡಿದು ಸುಧಾರಿಸಿಕೊಂಡವಳು ಮೊದಲು ಕೇಳಿದ್ದು, “ಅಣ್ಣಾ, ಆ ಹಾಡು ಫಸ್ಟಿಂದ ಹಾಡ್ತೀರಾ?” ಹಾಡಿದೆ.

ನಾಳೆ ಹಾಸನದಲ್ಲಿ ಕಾರ್ಯಕ್ರಮ. ಹೊಸ ಲೈಟುಗಳು ಬೇಕೇ ಬೇಕು ಎಂದು ನಮ್ಮ ಮ್ಯಾನೇಜರ್ ಹಟ ಹಿಡಿದಿದ್ದಾನೆ. ಲೈಟು ಆಮೇಲೆ, ಮೊದಲು ನಮ್ಮ ಜೊತೆ ಬರೋಕೆ ಶಾಂತಕ್ಕನಿಗೆ ರಜೆ ಸಿಗುತ್ತದಾ ಕೇಳು ಎಂದಿದ್ದೇನೆ.