ದ್ವೀಪದ ಕಪ್ಪೆಗೆ ನೀರು ಕೊಟ್ಟದ್ದು

ಕೊಲ್ಲಿ ದೇಶದ ರಾಯ್‌ನಲ್ಲಿರುವ ನಮ್ಮ ಗಿಡದಂಗಡಿಯ ಗೋದಾಮಿನಲ್ಲಿ ಇಂದು ಬೆಳಿಗ್ಗೆ ಫರ್ನ್ ಗಿಡಗಳ ಪೆಟ್ಟಿಗೆ ಒಡೆದರು. ಕೊಳೆತ ಎಲೆಯ ತಣ್ಣನೆ ವಾಸನೆ ಮೂಗಿಗೆ ಬಡಿಯಿತು. ಹೊರಗೆ ಐವತ್ತು ಡಿಗ್ರಿ ಬಿಸಿಲು. ಇಂಥ ವಾಸನೆಗೆ ಯಾರಾದರೂ ಖುಷಿಪಡಬೇಕು, ಅಲ್ಲವೇ? ನಾನು ಎದ್ದು ಆ ಬಿಸಿಲಿಗೇ ಹೋಗಿ ನಿಂತೆ.

ಆರು ವರ್ಷದ ಹಿಂದೆ ಸೇಶೆಲ್ಸ್ ದ್ವೀಪದಿಂದ ಬಂದ ಇಂಥದೇ ಪೆಟ್ಟಿಗೆಯಲ್ಲಿ ಒಂದು ಕಪ್ಪೆ ಸಿಕ್ಕಿತ್ತು. ಕಪ್ಪೆ ಎಂದೊಡನೆ ನಿಮ್ಮ ಕಣ್ಣಿಗೆ ಬರುವ ಗಾತ್ರವನ್ನು ಮರೆತುಬಿಡಿ; ಇದು ನನ್ನ ಕಿರುಬೆರಳಿನ ಉಗುರಿನಷ್ಟು. ಒದ್ದೆ ಎಲೆಯ ಮೇಲೆ ಒಂದಿಷ್ಟು ಲೋಳೆಯನ್ನು ಅವಚಿಕೊಂಡು ಕೂತಿತ್ತು.

"ಎಂತ ಸಾರ್, ಇದು ಕಪ್ಪೆಯಾ ನೊಣವಾ?" ಎಂದ ಪೆಟ್ಟಿಗೆ ಒಡೆಯುವ ಹಮೀದ್, ಉಳ್ಳಾಲದ ಬ್ಯಾರಿ. "ಎಲೆ ಸಮೇತ ಅಲ್ಲೇ ಇರ್ಲಿ ಮಾರಾಯ್ರೆ. ಮುಟ್ಟುದು ಬೇಡ."

ನಾನು ಕೇಳುತ್ತೇನೆಯೇ? ಮಳೆ ತಡವಾದರೆ ಕಪ್ಪೆಗೆ ಮದುವೆ ಮಾಡಿಸಿ ನೀರೆರೆಯುವ ಸೀಮೆಯವನು. ಕಪ್ಪೆಯ ವಿಷಯದಲ್ಲಿ ನನಗೆ ಪಾಠ ಹೇಳುವವರುಂಟೇ! ಹವಲ್ಲಿಯ ಮನೆಗೆ ತಂದೆ. ಕೊಳಕೆಂದು ಎಲೆಯ ಲೋಳೆಯನ್ನು ನಲ್ಲಿಯಡಿ ತೊಳೆದೆ. ಗಾಜಿನ ಬಟ್ಟಲಿಗೆ ನೀರು ತುಂಬಿ ಕಪ್ಪೆಯನ್ನು ಬಿಟ್ಟೆ. ಎಂಟು ವರ್ಷದ ಮಗಳು ಅದಕ್ಕೆ ಹೆಸರು ಹುಡುಕುತ್ತ ಕೂತಳು. ಹೆಸರು ಸಿಗುವ ಮೊದಲೇ, ಸಂಜೆ, ಅದು ಹೊಟ್ಟೆ ಮೇಲಾಗಿ ತೇಲಿತು.

ಅಳುತ್ತಲೇ ಅವಳು ಟ್ಯಾಬ್ ತೆರೆದಳು. "ಅಪ್ಪಾ, ದಿಸ್ ಫ್ರಾಗ್ ಡಸಂಟ್ ಲಿವ್ ಇನ್ ವಾಟರ್."

ಅದರ ಹುಟ್ಟು, ಬಾಳು, ಸಾವು ಎಲ್ಲ ಕಾಡಿನ ತರಗೆಲೆಯ ತೇವದಲ್ಲೇ ಅಂತೆ. ಕಿವಿಯ ತಮಟೆಯಿಲ್ಲ, ಬಾಯಿಯಿಂದ ಕೇಳಿಸಿಕೊಳ್ಳುತ್ತದೆ. ಒಂದೆರಡು ದ್ವೀಪ ಬಿಟ್ಟರೆ ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲ. ಗೊದಮೊಟ್ಟೆಯ ಹಂತವೇ ಇಲ್ಲದೆ ಮೊಟ್ಟೆಯಿಂದ ನೇರವಾಗಿ ಮರಿಗಪ್ಪೆ, ಅಕ್ಕಿಕಾಳಿಗಿಂತ ಚಿಕ್ಕದು, ಹೊರಬರುತ್ತದೆ. ಅಲ್ಲಿಯವರೆಗೆ ತಾಯಿ ಮೊಟ್ಟೆಯನ್ನು ಕಾಯುತ್ತದೆ.

"ವೇರ್ ಆರ್ ದಿ ಎಗ್ಸ್, ಅಪ್ಪಾ?"

ನಾನು ನಲ್ಲಿಯ ಕಡೆ ನೋಡಿದೆ. ಬಾವಿಯ ಕಪ್ಪೆ ಎಂದು ಊರವರನ್ನೆಲ್ಲ ಆಡಿಕೊಂಡು ಕಡಲು ದಾಟಿ ಬಂದವನು. ನನ್ನ ಬಾವಿಯನ್ನೂ ಹೊತ್ತುಕೊಂಡೇ ಬಂದಿದ್ದೆ. ಅಂದಿನಿಂದ ಯಾರಿಗಾದರೂ ಒಳ್ಳೆಯದು ಮಾಡಲು ಹೊರಟರೆ ನನಗೆ ನನ್ನ ಕೈಯ ಮೇಲೇ ಭಯ.

ಇಂದು ಬಿಸಿಲಲ್ಲಿ ನಿಂತ ನನ್ನ ಬಳಿಗೆ ಹಮೀದ್ ಬಂದ. "ಖಲಾಸ್ ಸಾರ್, ಬಿಟ್ಟುಬಿಡಿ. ಗೊತ್ತಿಲ್ಲದೆ ಆದದ್ದಲ್ವಾ?"

ತಲೆಯಾಡಿಸಿದೆ. ಗೊತ್ತಿಲ್ಲದೆ ಎಂಬುದು ಪೂರ್ತಿ ನಿಜವಲ್ಲ. ಅಂದು ಅದು ಮೂರು ಸಲ ಬಟ್ಟಲಿನ ಅಂಚಿಗೆ ಹತ್ತಿ ಬಂದಿತ್ತು. ಮೂರೂ ಸಲ ನಾನೇ "ಹೆದರ್ಕೋಬ್ಯಾಡ ಮರಿ" ಎಂದು ಬೆರಳಿನಿಂದ ಮೆಲ್ಲಗೆ ನೀರಿಗೆ ತಳ್ಳಿದ್ದೆ.