ನುಗ್ಗೆ ಬೇರಿನ ಉಪ್ಪಿನಕಾಯಿ

ಇಚಲಕರಂಜಿಯ ನಮ್ಮ ಓಣಿಯಲ್ಲಿ ಇವತ್ತು ನುಗ್ಗೆ ಗಿಡ ಕಿತ್ತರು. ಬೇರಿನ ಘಾಟು ಮೂಗಿಗೆ ಬಡಿದದ್ದೇ, ಚಿಕ್ಕಂದಿನ ಆ ಉಪ್ಪಿನಕಾಯಿ ನೆನಪಾಯಿತು.

ಆಗ ಅವ್ವ ಬಸುರಿ. ಬಾಯಿಗೆ ರುಚಿಯಿಲ್ಲ ಎಂದಳೆಂದು, ಅಜ್ಜಿ ಖಾರಕ್ಕಾಗಿ ನುಗ್ಗೆ ಬೇರು ಹಾಕಿದ್ದ ಉಪ್ಪಿನಕಾಯಿಯನ್ನು ಕದ್ದು ಕೊಟ್ಟೆ. ಸಂಜೆ ಅಜ್ಜಿ ಪಕ್ಕದ ಮನೆಯವಳಿಗೆ ಹೇಳುತ್ತಿದ್ದಳು: "ಬಸುರಿಗೆ ನುಗ್ಗಿ ಎಲಿ ತಪ್ಪಲ ಕೊಡ್ರಿ, ಬೇರ ಬ್ಯಾಡ. ಕೂಸು ನಿಲ್ಲೂದಿಲ್ಲ."

ಓಣಿಯ ಮಗ್ಗಗಳ ಸದ್ದಿನ ನಡುವೆಯೂ ಅವ್ವ ನರಳಿದಳೇನೋ ಎಂದು ಕಿವಿಗೊಟ್ಟು ಕೂತೆ. ಮೂರನೆಯ ದಿನ ಅಜ್ಜಿಯ ಮುಂದೆ ಎಲ್ಲ ಹೇಳಿ ಅತ್ತುಬಿಟ್ಟೆ. ಅವಳು ಬೈಯಲಿಲ್ಲ, ನನ್ನ ಕೈಯನ್ನು ಅವ್ವನ ಹೊಟ್ಟೆಯ ಮೇಲಿಟ್ಟಳು. "ಒದ್ಯಾಕತ್ತೈತಿ ನೋಡ ಯವ್ವಾ."

ಹಾಗೆ ಒದ್ದ ತಂಗಿ ಇವತ್ತು ಪಕ್ಕದಲ್ಲೇ ನಿಂತಿದ್ದಳು. "ಅಕ್ಕಾ, ಹಂಗ್ಯಾಕ ನೋಡಾಕತ್ತಿ?" ಎಂದಳು. ಏನಿಲ್ಲ ಎಂದು ಅವಳ ಕೈ ಹಿಡಿದುಕೊಂಡೆ.